ಕರಿಬಸಪ್ಪನವರ ಗೇಟು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಸೈಕಲ್ ಹೊಡೆಯುವುದಕ್ಕಿಂತ ಸೈಕಲ್ ಹೊಡೆಯುವುದಕ್ಕೆ ಯೋಜನೆ ಹಾಕುವುದೇ ಹೆಚ್ಚು ಪ್ರೀತಿ. ಹೊಡೆಯುವಾಗ ಮೊಣಕಾಲು ಮಾತಾಡುತ್ತದೆ, ಬೆನ್ನು ಮಾತಾಡುತ್ತದೆ, ಎದುರುಗಾಳಿ ಮಾತಾಡುತ್ತದೆ. ಯೋಜನೆ ಹಾಕುವಾಗ ಮಾತಾಡುವವಳು ನಾನೊಬ್ಬಳೇ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಶಾಮನೂರಿನಿಂದ ಭಾನುವಳ್ಳಿಗೆ ಒಂದು ಗೆರೆ ಎಳೆದರೆ ಆಯಿತು. ಗೆರೆಗೆ ಏದುಸಿರು ಬರುವುದಿಲ್ಲ, ಪಂಕ್ಚರ್ ಆಗುವುದಿಲ್ಲ, ಅದನ್ನು ನಾಯಿ ಅಟ್ಟಿಸಿಕೊಂಡು ಬರುವುದಿಲ್ಲ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಗೆರೆ ಎಳೆಯುವುದು ಒಂದು ಚಟ.

ನಿವೃತ್ತಿಯಾದಾಗ ನನ್ನ ಜೊತೆಯ ಟೀಚರುಗಳು ಬಳೆ ಮಾಡಿಸಿಕೊಂಡರು, ಸರ ಮಾಡಿಸಿಕೊಂಡರು, ಒಬ್ಬರು ಕಾಶಿಗೆ ಹೋಗಿಬಂದರು. ನಾನು ಗ್ರ್ಯಾವೆಲ್ ಬೈಕ್ ಕೊಂಡೆ. ಹೆಸರು ಕೇಳಿ ಗಾಬರಿ ಬೀಳಬೇಡಿ, ಅದೂ ಸೈಕಲ್ಲೇ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ, ಟೈರು ಸ್ವಲ್ಪ ದಪ್ಪ, ಡಾಂಬರಿನ ಮೇಲೆ ಓಡಿದಷ್ಟೇ ಸಲೀಸಾಗಿ ಕಲ್ಲುಮಣ್ಣಿನ ಮೇಲೂ ಓಡುತ್ತದೆ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಆನೆಕೊಂಡದ ನಮ್ಮ ಮನೆಯ ಹತ್ತಿರವೇ ಸೈಕಲ್ ಶಾಪ್ ಇಟ್ಟಿರುವ ಇಮಾಮ್ ಸಾಬರು ಅದನ್ನು ಸುತ್ತ ಮೂರು ಸಲ ತಿರುಗಿ ನೋಡಿದರು.

"ಟೀಚರ್, ಇಷ್ಟು ರೊಕ್ಕ ಕೊಟ್ಟು ಸ್ಟ್ಯಾಂಡೇ ಇಲ್ಲದ್ದು ತಂದೀರಲ್ರಿ. ಇದನ್ನ ನಿಲ್ಸೋದು ಹೆಂಗೆ?"

"ನಿಲ್ಸಾಕೆ ತಂದಿಲ್ಲ ಸಾಬ್ರೆ," ಎಂದೆ. ಆವತ್ತು ಆ ಮಾತು ನನಗೇ ಬಹಳ ಹಿಡಿಸಿತು. ಮನೆಗೆ ಬಂದು ನಾಲ್ಕು ಜನಕ್ಕೆ ಹೇಳಿದೆ.

ಆಮೇಲೆ ಬಿದ್ದೆ. ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಅದು ಇಡೀ ಬಂಧುಬಳಗಕ್ಕೆ ಹಬ್ಬವಾಗಿತ್ತು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಶಾಮನೂರು ದಾಟಿ, ಭದ್ರಾ ಚಾನಲ್ಲಿನ ದಂಡೆಯ ಮೇಲೆ ಹನ್ನೆರಡು ಕಿಲೋಮೀಟರ್ ಹೋಗಿದ್ದೆ. ಒಂದು ತಿರುವಿನಲ್ಲಿ, ಹಿಂದಿನ ವಾರದವರೆಗೆ ಇಲ್ಲದ ಕಬ್ಬಿಣದ ಗೇಟು ದಾರಿಗೆ ಅಡ್ಡ ನಿಂತಿತ್ತು. ಇಂಥ ದಾರಿಯಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಎಡಭುಜದ ಕಾಲರ್ ಬೋನ್ ಮುರಿಯಿತು.

ಗೇಟು ಹಾಕಿಸಿದವರು ಆ ತೋಟದ ಮಾಲೀಕರಾದ ಕರಿಬಸಪ್ಪನವರು. ನನ್ನನ್ನು ಎತ್ತಿದವರೂ ಅವರೇ. ತಮ್ಮ ಜೀಪಿನಲ್ಲಿ ಕೂಡಿಸಿ, ಎಳನೀರು ಕುಡಿಸಿ, ನಮ್ಮನೆಯವರಿಗೆ ಫೋನ್ ಮಾಡಿ, ದಾವಣಗೆರೆಯ ಆಸ್ಪತ್ರೆಯವರೆಗೆ ತಂದು ಬಿಟ್ಟರು. ಸೈಕಲ್ಲನ್ನೂ ಮರೆಯದೆ ತಂದರು. ಇಂಥ ಮನುಷ್ಯನ ಮೇಲೆ ಸಿಟ್ಟಾಗುವುದು ಕಷ್ಟ. ಕಷ್ಟಪಟ್ಟು ಆದೆ.

ಇನ್ನು ನಮ್ಮನೆಯವರು. ಅವರಿಗೆ ಪೇಟೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಸುತ್ತಿನ ತೋಟದವರೆಲ್ಲ ಅವರ ಗಿರಾಕಿಗಳು, ಹಾಗಾಗಿ ಎಲ್ಲರ ಬಾಯಲ್ಲೂ ಅವರು 'ಸಾಹುಕಾರ್ರು'. ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ನನ್ನ ಭುಜಕ್ಕೆ ಪಟ್ಟಿ ಬಿಗಿಯುವಾಗ ನಾನು ಅಳಲಿಲ್ಲ, ಅವರು ಅತ್ತರು. ಅಲ್ಲೇ ಕೆಟ್ಟಿತು ನೋಡಿ. ಬೈಯುವ ಗಂಡನನ್ನು ತಿರುಗಿ ಬೈಯಬಹುದು, ಅಳುವ ಗಂಡನನ್ನು ಏನು ಮಾಡುತ್ತೀರಿ? ಮೂಳೆ ಕೂಡಲು ಎರಡು ತಿಂಗಳು ಸಾಕಾಯಿತು, ಆದರೆ ಅವರ ಹೆದರಿಕೆ ಹೋಗಲಿಲ್ಲ. ಸೈಕಲ್ಲನ್ನು ಮನೆಯ ಹಿಂದಿನ ಗೋದಾಮಿನಲ್ಲಿ, ಪಿವಿಸಿ ಪೈಪುಗಳ ನಡುವೆ, ಸೂರಿನ ಕೊಕ್ಕೆಗೆ ನೇತುಹಾಕಿದರು. ದಸರೆಯ ಹೊತ್ತಿಗೆ ಮಾತು ತೆಗೆದರು.

"ಸಂಕ್ರಾಂತಿ ಕಳೀಲಿ, ಅದನ್ನ ಯಾರಿಗಾದ್ರೂ ಕೊಟ್ಬಿಡೋಣ ಕಣೆ. ಸುಮ್ನೆ ಧೂಳು ತಿಂತಾ ಐತೆ."

"ಧೂಳು ತಿನ್ನಾಕೆ ಅದನ್ನ ಅಲ್ಲಿ ಕಟ್ಟಿದೋರು ಯಾರು?"

"ನಿನ್ನ ವಯಸ್ಸಿಗೆ ವಾಕಿಂಗ್ ಐತಲ್ಲ, ಅಷ್ಟು ಸಾಲದಾ?"

ಸಾಲದು. ವಾಕಿಂಗ್ ಎಂದರೆ ಪಾರ್ಕಿನ ಸುತ್ತ ಎಂಟು ಸುತ್ತು, ಸುತ್ತಿಗೊಬ್ಬರಂತೆ ಎಂಟು ಜನರ ಸಕ್ಕರೆ ಕಾಯಿಲೆಯ ವಿಚಾರ. ನನ್ನ ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸೈರನ್ ಕೂಗಿದಾಗ ಗಿರಣಿಯ ಬೀದಿಯ ತುಂಬ ಬರೀ ಸೈಕಲ್ಲುಗಳೇ. ಅಪ್ಪನ ಆ ಎತ್ತರದ ಸೈಕಲ್ಲಿನಲ್ಲಿ ನಾನು ಒಳಪೆಡಲು ಹೊಡೆದು ಕಲಿತವಳು, ಬಿದ್ದು ಮೊಣಕಾಲು ಕೆತ್ತಿಸಿಕೊಂಡವಳು. ಆಗ ಯಾರೂ ಸೈಕಲ್ಲನ್ನು ಸೂರಿಗೆ ಕಟ್ಟಲಿಲ್ಲ, ಅರಿಶಿನ ಹಚ್ಚಿ ಕಳಿಸಿದರು. ಹತ್ತು ವರ್ಷದವಳು ಬಿದ್ದರೆ ಆಟ, ಐವತ್ತೊಂಬತ್ತರವಳು ಬಿದ್ದರೆ ಅಪರಾಧ ಎಂದು ಯಾವ ಲೆಕ್ಕದ ಪುಸ್ತಕದಲ್ಲಿದೆ? ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ಷರತ್ತು ಹಾಕಿದೆ.

"ಬಿದ್ದ ದಾರೀನ ಒಂದ್ಸಲ ಪೂರ್ತಿ ಮುಗಿಸ್ಕೊಂಡು ಬರ್ತೀನಿ. ಸಂಕ್ರಾಂತಿ ಒಳಗೆ. ಶಾಮನೂರಿಂದ ಭಾನುವಳ್ಳಿ, ಭಾನುವಳ್ಳಿಯಿಂದ ಹರಿಹರ, ಹರಿಹರದಿಂದ ಮನೆ. ಒಬ್ಬಳೇ. ಹೈವೇ ಹಿಡಿಯಲ್ಲ. ಮುಗಿಸಿದ್ರೆ ಸೈಕಲ್ ನಂದು, ಅದರ ಸುದ್ದಿ ಮತ್ತೆ ಎತ್ತಬಾರದು. ಅರ್ಧಕ್ಕೆ ಫೋನ್ ಮಾಡಿ ಕಾರು ತರ್ರಿ ಅಂದ್ರೆ, ನೀವು ಯಾರಿಗೆ ಬೇಕಾದ್ರೂ ಕೊಟ್ಬಿಡ್ರಿ."

ಅವರು "ಆಯ್ತು" ಎಂದರು. ನಾನು ಹೋಗಲಾರೆ ಎಂಬ ಧೈರ್ಯದ ಮೇಲೆ ಹೇಳಿದ 'ಆಯ್ತು' ಅದು. ಹೆಂಡತಿಯಾಗಿ ಮೂವತ್ತಾರು ವರ್ಷ ಕಳೆದವಳಿಗೆ ಅಷ್ಟು ತಿಳಿಯುವುದಿಲ್ಲವೇ?

ಹೀಗೆ ಯೋಜನೆ ಶುರುವಾಯಿತು. ಒಟ್ಟು ಅರವತ್ತೆರಡು ಕಿಲೋಮೀಟರ್. ಡಾಂಬರಿನ ಮೇಲಾದರೆ ಅದೊಂದು ದೂರವೇ ಅಲ್ಲ. ಆದರೆ ಚಾನಲ್ ದಂಡೆಯ ದಾರಿ ಗರಸಿನದು, ಅಂದರೆ ಸಣ್ಣಕಲ್ಲು ಬೆರೆತ ಮಣ್ಣಿನದು, ಗರಸಿನ ಮೇಲೆ ಒಂದು ಕಿಲೋಮೀಟರ್ ಎಂದರೆ ಒಂದೂವರೆ ಎಂದು ಬರೆದುಕೊಳ್ಳಬೇಕು. ಗರಸಿನಲ್ಲೂ ಜಾತಿಗಳಿವೆ ಎಂದು ನಾನು ಕಂಡುಕೊಂಡಿದ್ದೇನೆ. ಹೊಸದಾಗಿ ಹಾಸಿದ ಕೆಂಪು ಗರಸು ಮೊದಲ ದಿನದ ತರಗತಿ, ಯಾವ ಕಲ್ಲು ಎತ್ತ ಜಿಗಿಯುತ್ತದೋ ಗೊತ್ತಾಗದು. ಒಂದು ಮಳೆಗಾಲ ಕಂಡು ಟ್ರ್ಯಾಕ್ಟರ್ ಓಡಾಡಿದ ಗರಸು ಪರೀಕ್ಷೆ ಹತ್ತಿರ ಬಂದ ತರಗತಿ, ಗಂಭೀರವಾಗಿ ಕುಳಿತಿರುತ್ತದೆ. ಇವೆರಡರ ನಡುವೆ ಜಲ್ಲಿ ಮಿಲ್ಲಿನಿಂದ ತಂದು ಸುರಿದ ಚೂಪುಕಲ್ಲು ಇದೆ. ಅದಕ್ಕೆ ಯಾವ ಟೀಚರೂ ಬುದ್ಧಿ ಹೇಳಲಾರಳು, ಇಳಿದು ತಳ್ಳಿಕೊಂಡು ಹೋಗುವುದೊಂದೇ ಮರ್ಯಾದೆಯ ದಾರಿ.

ಇಷ್ಟು ಕಷ್ಟಪಟ್ಟು ಅಲ್ಲಿಗೇ ಯಾಕೆ ಎಂದು ನೀವು ಕೇಳಬಹುದು. ದಾವಣಗೆರೆ ಎಂದರೆ ಹೊರಗಿನವರಿಗೆ ಬೆಣ್ಣೆದೋಸೆ, ಬಿಸಿಲು, ಧೂಳು, ಅಷ್ಟೆ. ಲೇಔಟುಗಳ ಹಳದಿ ಕಲ್ಲುಗಳು ಮುಗಿದು ಚಾನಲ್ ಹತ್ತಿದಿರೋ, ಊರೇ ಬದಲಾಗುತ್ತದೆ. ಒಂದು ಮಗ್ಗುಲಲ್ಲಿ ಗದ್ದೆ, ಇನ್ನೊಂದು ಮಗ್ಗುಲಲ್ಲಿ ತೆಂಗು, ಅಡಿಕೆ, ಬಾಳೆ, ನಡುನಡುವೆ ನೆಲ ಮುಟ್ಟುವ ಸಪೋಟ ಗಿಡಗಳು, ಬದುವಿನಲ್ಲಿ ಮಾವು. ಬೆಳಗಿನ ಹೊತ್ತು ದಾರಿಯ ತುಂಬ ಗರಿಗಳ ನೆರಳು. ಕೊಳೆತ ಬಾಳೆದಿಂಡು, ಹಸಿ ಮಣ್ಣು, ಕೆಳಗೆ ಬಿದ್ದು ಒಡೆದ ಸಪೋಟ, ಇವೆಲ್ಲ ಸೇರಿದ ಒಂದು ವಾಸನೆ ಇದೆ. ಕಾರಿನಲ್ಲಿ ಅದು ಗಾಜಿನ ಆಚೆ ಉಳಿಯುತ್ತದೆ, ಮೋಟರ್ ಸೈಕಲ್ಲಿನಲ್ಲಿ ಪೆಟ್ರೋಲಿನ ವಾಸನೆಯೊಡನೆ ಬೆರೆಯುತ್ತದೆ. ನಡೆದು ಹೋಗುವಷ್ಟು ಹತ್ತಿರವೂ ಅಲ್ಲ. ಸೈಕಲ್ಲಿಗೇ ಹೇಳಿ ಮಾಡಿಸಿದ ಸೀಮೆ ಅದು.

ಯೋಜನೆಗೆ ತೊಡಕುಗಳು ಒಂದೆರಡಲ್ಲ. ಮೊದಲನೆಯದು ನೀರು. ಮಳೆಗಾಲದ ಬೆಳೆ ಮುಗಿದ ಮೇಲೆ ಚಾನಲ್ಲನ್ನು ನಿಲ್ಲಿಸುತ್ತಾರೆ, ಬೇಸಿಗೆ ಬೆಳೆಗೆ ಮತ್ತೆ ಬಿಡುತ್ತಾರೆ. ಬಿಟ್ಟ ದಿನದಿಂದ ದಂಡೆಯ ಮೇಲೆ ಟ್ರ್ಯಾಕ್ಟರುಗಳದೇ ರಾಜ್ಯ, ಅಲ್ಲಲ್ಲಿ ಸೋರಿದ ನೀರಿನಿಂದ ಕೆಸರು. ಹೋಗುವುದಾದರೆ ಚಾನಲ್ ಒಣಗಿರುವಾಗಲೇ ಹೋಗಬೇಕು. ಎರಡನೆಯದು ಗಾಳಿ. ಚಳಿಗಾಲದಲ್ಲಿ ನಮ್ಮ ಕಡೆ ಮೂಡಗಾಳಿ, ಹರಿಹರದಿಂದ ವಾಪಸ್ ಬರುವಾಗ ಸುಸ್ತಾದ ಹೊತ್ತಿಗೆ ಸರಿಯಾಗಿ ಎದುರಿಗೆ ನಿಲ್ಲುತ್ತದೆ, ಅದಕ್ಕೆಂದು ಒಂದು ತಾಸು ಹೆಚ್ಚಿಗೆ ಬರೆದುಕೊಂಡೆ. ಮೂರನೆಯದು ನನ್ನ ನಾದಿನಿ ಗಿರಿಜಕ್ಕ. ಅವಳನ್ನು ಕೊಟ್ಟಿರುವುದು ಭಾನುವಳ್ಳಿಗೆ, ಅವಳ ಮನೆ ಇರುವುದು ದಾರಿಯ ಮಗ್ಗುಲಿಗೇ. ಕಂಡರೆ "ಒಳಗ್ ಬಾ" ಅನ್ನುತ್ತಾಳೆ. ಒಳಗೆ ಹೋದರೆ ಹೋಳಿಗೆಗೆ ಬೇಳೆ ಇಡುತ್ತಾಳೆ. ಬೇಳೆ ಬೇಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಊಟವಾದ ಮೇಲೆ ಸೈಕಲ್ ಯಾರಿಗೆ ಬೇಕು? ಅದಕ್ಕೇ ನಕ್ಷೆಯಲ್ಲಿ ಭಾನುವಳ್ಳಿಯ ಹಿಂಭಾಗದಿಂದ, ಸಣ್ಣ ಉಪಕಾಲುವೆಯ ಪಕ್ಕದಿಂದ ಗೆರೆ ಎಳೆದೆ. ಸ್ವಂತ ನಾದಿನಿಯಿಂದ ತಪ್ಪಿಸಿಕೊಳ್ಳಲು ನಾಲ್ಕು ಕಿಲೋಮೀಟರ್ ಸುತ್ತು.

ಇವು ಮೂರೂ ಪೆನ್ಸಿಲಿಗೆ ಬಗ್ಗಿದವು. ಬಗ್ಗದೆ ಉಳಿದದ್ದು ಕರಿಬಸಪ್ಪನವರ ಗೇಟು.

ಗೇಟುಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ಬಿದ್ದವರಿಗೆ ಆ ಹಕ್ಕಿದೆ. ಹಿಂದೆ ತೋಟಗಳಿಗೆ ಗೇಟು ಇರಲಿಲ್ಲವೇ? ಇತ್ತು. ಜಾಲಿಯ ಮುಳ್ಳಿನ ಒಂದು ದೊಡ್ಡ ಕೊಂಬೆ. ಬಂದವರು ಅದನ್ನು ಎಳೆದು, ದಾಟಿ, ಮತ್ತೆ ಎಳೆದು ಮುಚ್ಚಿ ಹೋಗಬೇಕಿತ್ತು. ಯಾರನ್ನೂ ಕೇಳಬೇಕಿರಲಿಲ್ಲ, ದನ ಒಳಗೆ ಹೋಗದ ಹಾಗೆ ಮುಚ್ಚಿದರೆ ಸಾಕಿತ್ತು. ಆ ಮುಳ್ಳು ದನಗಳಿಗೆ ಹಾಕಿದ್ದೇ ಹೊರತು ಮನುಷ್ಯರಿಗಲ್ಲ. ಈಗ ಕಾಯಿ ಕಳ್ಳರು ಹೆಚ್ಚಾಗಿ ಕಬ್ಬಿಣದ ಗೇಟು ಬಂದಿದೆ, ಬೀಗ ಬಂದಿದೆ. ಚಾನಲ್ ದಂಡೆಯ ದಾರಿ ಸರ್ಕಾರದ್ದೇ ಆದರೂ ಅದರ ಮೇಲೆ ಗೇಟು ನಿಂತರೆ ಯಾರೂ ಮಾತಾಡುವುದಿಲ್ಲ. ಹಿಂದಿನ ದಿನ ಹೋಗಿ ಮಾಲೀಕರನ್ನು ಕೇಳುವುದು, ಅವರು ಪಂಪ್‌ಹೌಸಿನ ಮೊಳೆಗೆ ಕೀಲಿ ನೇತುಹಾಕುವುದು, ಇದೇ ರೂಢಿ. ಕೇಳುವುದರಲ್ಲಿ ಏನು ಹೋಗುತ್ತದೆ ಎಂದು ನಾನೂ ಹೋದೆ.

ಸ್ಕೂಟಿಯಲ್ಲಿ ಹೋದೆ. ಸ್ಕೂಟಿ ಹತ್ತಿ ಹೈವೇಯ ಲಾರಿಗಳ ಮಧ್ಯೆ ಹೋಗುವುದಕ್ಕೆ ನಮ್ಮ ಮನೆಯಲ್ಲಿ ಯಾರ ತಕರಾರೂ ಇಲ್ಲ, ಗಮನಿಸಿ. ಸ್ಕೂಟಿಯಲ್ಲಿ ಹೋದರೆ ಕೆಲಸಕ್ಕೆ ಹೋದ ಹಾಗೆ, ಸೈಕಲ್ಲಿನಲ್ಲಿ ಹೋದರೆ ಖುಷಿಗೆ ಹೋದ ಹಾಗೆ. ತಕರಾರು ಇರುವುದು ಖುಷಿಯ ಮೇಲೆ.

"ಬರ್ರಿ ಟೀಚರಮ್ಮ, ಕೂಡ್ರಿ. ಭುಜ ಹೆಂಗೈತೆ ಈಗ?" ಕರಿಬಸಪ್ಪನವರು ಕುರ್ಚಿ ಒರೆಸಿ ಹಾಕಿದರು, ಎಳನೀರು ಕೆತ್ತಿಸಿದರು. ವಿಷಯ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ಕೀಲಿ ಕೊಡಾಕೆ ನಂದೇನೂ ಅಡ್ಡಿ ಇಲ್ರಮ್ಮ. ಸಾಹುಕಾರ್ರು ಒಂದು ಫೋನ್ ಮಾಡಿ 'ಬಿಡಪ್ಪ' ಅಂದ್ಬಿಡ್ಲಿ, ನಾನೇ ನಿಂತು ತೆಗೀತೀನಿ."

"ಹೋಗೋಳು ನಾನು, ಕರಿಬಸಪ್ಪನೋರೆ. ಅವರು ಅಂಗಡೀಲಿ ಇರ್ತಾರೆ."

"ಅದಕ್ಕೇ ಹೇಳಿದ್ದು ನೋಡ್ರಿ. ಹೋದ ಸಲ ಸಾಹುಕಾರ್ರು ಆಸ್ಪತ್ರ್ಯಾಗ ಕಣ್ಣೀರು ಹಾಕಿದ್ದು ನಾ ನೋಡೀನಿ. ಇನ್ನೊಂದ್ಸಲ ಹಂಗಾದ್ರೆ ನಾ ಏನಂತ ಮುಖ ತೋರಿಸ್ಲಿ? ಹೆಣ್ಮಕ್ಕಳ ವಿಚಾರ. ತಪ್ಪು ತಿಳ್ಕೋಬ್ಯಾಡ್ರಿ."

ತಪ್ಪು ತಿಳಿಯಲಿಲ್ಲ, ಸರಿಯಾಗಿಯೇ ತಿಳಿದೆ. ಹಿಂದಿನ ಭಾನುವಾರ ಹರಿಹರದ ಕಡೆಯ ನಾಲ್ವರು ತರುಣರು ಮೋಟರ್ ಸೈಕಲ್ ತಂದಿದ್ದರಂತೆ, ಕೀಲಿ ಕೊಟ್ಟರಂತೆ. ಇದನ್ನು ಅವರೇ ಮಾತಿನ ನಡುವೆ ಹೇಳಿದರು. ಆ ನಾಲ್ವರಲ್ಲಿ ಯಾರ ಹೆಂಡತಿ ಫೋನ್ ಮಾಡಿ 'ಬಿಡಪ್ಪ' ಅಂದಿದ್ದಳು ಎಂದು ಕೇಳಬೇಕೆನಿಸಿತು. ಎಳನೀರು ಕೈಯಲ್ಲಿತ್ತು, ಕೇಳಲಿಲ್ಲ. ಎಳನೀರು ಕುಡಿಸಿದವರ ಎದುರು ಜಗಳಾಡುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ, ಅದೇ ನಮ್ಮ ಸೀಮೆಯ ದೊಡ್ಡ ದೋಷ.

ಮನೆಗೆ ಬಂದು ಹೇಳಿದಾಗ ನಮ್ಮನೆಯವರು ನಕ್ಕುಬಿಟ್ಟರು. "ಇಷ್ಟೇನಾ? ಒಂದು ಫೋನ್ ತಾನೆ? ತಾ ಇಲ್ಲಿ, ಈಗ್ಲೇ ಮಾಡ್ತೀನಿ."

"ಬ್ಯಾಡ."

"ಯಾಕ? ನಿಂಗೆ ಹೋಗೋದು ಬೇಕೋ ಬ್ಯಾಡೋ?"

"ಬೇಕು. ಅದಕ್ಕೇ ಬ್ಯಾಡ ಅಂದಿದ್ದು."

"ಇದೆಂಥಾ ಮೊಂಡಾಟ ಮಾರಾಯ್ತಿ! ಅವನಿಗೆ ಸಮಾಧಾನ, ನಿಂಗೆ ಗೇಟು. ನಂದೇನು ಗಂಟು ಹೋಗುತ್ತೆ?"

ನನ್ನ ಗಂಟು ಹೋಗುತ್ತದಲ್ಲ! ಅಷ್ಟು ಹೊತ್ತು ತಡೆದಿದ್ದು ಆಗ ಹೊರಬಂತು. "ನೀವು ಫೋನ್ ಮಾಡಿದ್ರೆ ಅದು ನೀವು ಕಳಿಸಿದ ಸವಾರಿ ಆಗುತ್ತೆ, ನಾನು ಬರೀ ಪೆಡಲು ತುಳಿಯೋಳು. ಮೂವತ್ತೊಂದು ವರ್ಷ ಪರೀಕ್ಷೆ ಕೊಠಡೀಲಿ ನಿಂತಿದ್ದೀನಿ ನಾನು. ಯಾವ ಹುಡುಗೀನೂ ಅಪ್ಪನ ಕೈಲಿ ಉತ್ತರ ಬರೆಸಿ ಪಾಸಾಗಿಲ್ಲ. ನಂಗೆ ಐವತ್ತೊಂಬತ್ತು. ನನ್ನ ಮಾತಿಗೆ ಒಂದು ಗೇಟೂ ತೆಗೆಯಲ್ಲ ಅಂದ್ರೆ, ಆ ಸೈಕಲ್ ಇಟ್ಕೊಂಡು ನಾನು ಮಾಡೋದಾದ್ರೂ ಏನು?" ಅಳಬಾರದೆಂದು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಸ್ವಲ್ಪ ಹೊತ್ತಿಗೆ ಅವರು ಬಾಗಿಲಲ್ಲಿ ಬಂದು ನಿಂತು, "ಮಾಡಲ್ಲ ಬಿಡು. ಆಣೆಗೂ ಮಾಡಲ್ಲ," ಎಂದರು. ನಂಬಿದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಈಗ ನನ್ನೆದುರು ಎರಡು ದಾರಿ. ಹೈವೇ ಹಿಡಿದು ಗೇಟು ತಪ್ಪಿಸುವುದು, ಅಂದರೆ ಸೋಲುವುದು. ಇಲ್ಲವೇ ಚಾನಲ್ಲಿನ ಇನ್ನೊಂದು ದಂಡೆ. ಅಲ್ಲಿ ದಾರಿಯೇ ಇಲ್ಲ, ಬರೀ ಬಳ್ಳಾರಿ ಜಾಲಿ. ನಾಲ್ಕು ದಿನ ನಕ್ಷೆಯನ್ನೇ ನೋಡಿದೆ. ಐದನೆಯ ದಿನ, ಅನ್ನ ಬಸಿಯುತ್ತಿದ್ದಾಗ, ಎರಡು ದಂಡೆಗಳ ನಡುವಿನ ನೀಲಿ ಪಟ್ಟಿ ಕಣ್ಣಿಗೆ ಕಟ್ಟಿತು. ನಕ್ಷೆಯಲ್ಲಿ ಅದು ಸದಾ ನೀಲಿ. ಆದರೆ ಈಗ ಅದರಲ್ಲಿ ನೀರಿಲ್ಲವಲ್ಲ! ಬಟ್ಟೆ ಒಗೆಯಲು, ದನ ಮೈ ತೊಳೆಯಲು ಅಲ್ಲಲ್ಲಿ ಮೆಟ್ಟಿಲು ಕಟ್ಟಿದ್ದಾರೆ. ಗೇಟಿಗಿಂತ ಹಿಂದೊಂದು ಮೆಟ್ಟಿಲಿದೆ, ಮುಂದೆ ಸುಮಾರು ಇನ್ನೂರು ಹೆಜ್ಜೆಗೆ ಇನ್ನೊಂದಿದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದು, ತಳದಲ್ಲಿ ತಳ್ಳಿಕೊಂಡು ಹೋಗಿ, ಆಚೆ ಹತ್ತಿದರೆ ಗೇಟು ಗೇಟಿನ ಪಾಡಿಗೆ, ನಾನು ನನ್ನ ಪಾಡಿಗೆ. ಅನ್ನ ಸ್ವಲ್ಪ ಗಂಜಿಯಾಯಿತು.

ಮರುದಿನದಿಂದ ತಾಲೀಮು. ನಮ್ಮ ತಾರಸಿಯ ಮೆಟ್ಟಿಲು ಹದಿನೆಂಟು. ಬಲಹೆಗಲ ಮೇಲೆ ಸೈಕಲ್ ಹೊತ್ತು ದಿನಾ ಹತ್ತು ಸಲ ಹತ್ತಿ ಇಳಿದೆ. ಮೊದಲ ದಿನ ಪೆಡಲು ಗೋಡೆಯ ಬಣ್ಣ ಕೆರೆಯಿತು, ಎರಡನೆಯ ದಿನ ಒಣಗಲು ಹಾಕಿದ್ದ ಹಪ್ಪಳ ತುಳಿದೆ. ಎದುರು ಮನೆಯವರು ಕಿಟಕಿಗೆ ಬಂದು ನಿಂತರು. ನಮ್ಮನೆಯವರು ಪೇಪರ್ ಕೆಳಗಿಟ್ಟು, "ಏನಿದು?" ಎಂದರು.

"ಗೇಟು," ಎಂದೆ. ಅವರು ಪೇಪರ್ ಎತ್ತಿಕೊಂಡರು.

ಹೆಗಲು ಕೆಂಪಾಗುವುದನ್ನು ಕೇಳಿ ಇಮಾಮ್ ಸಾಬರು ಸೈಕಲ್ಲಿನ ನಡುವಿನ ಬಾರಿಗೆ ಹಳೆಯ ಟ್ಯೂಬ್ ಸುತ್ತಿ ಮೆತ್ತಗೆ ಮಾಡಿಕೊಟ್ಟರು. "ನಲವತ್ತು ವರ್ಷ ಆಯ್ತು ಈ ಧಂದೆ ಮಾಡಿ. ಕೂತ್ಕೊಳ್ಳಾಕೆ ಮೆತ್ತಗೆ ಮಾಡ್ರಿ ಅಂತಾರೆ ಎಲ್ರೂ. ಹೊರಾಕೆ ಮೆತ್ತಗೆ ಮಾಡ್ರಿ ಅಂದೋರು ನೀವೊಬ್ರೇ," ಎಂದರು. ದುಡ್ಡು ಮಾತ್ರ ಬ್ಯಾಡ ಅಂದರು.

ಹೊಸ ವರ್ಷ ಬಂದು ನಾಲ್ಕು ದಿನಕ್ಕೆ ಸುದ್ದಿ ಬಂತು, ವಾರದೊಳಗೆ ಚಾನಲ್ಲಿಗೆ ನೀರು. ಇನ್ನು ಕಾಯುವಂತಿರಲಿಲ್ಲ. ಮರುದಿನ ನಸುಕಿಗೇ ಎದ್ದೆ. ಎರಡು ಬಾಟಲಿ ನೀರು, ಶೇಂಗಾ ಉಂಡೆ, ಒಂದು ಪೊಟ್ಟಣ ಮಂಡಕ್ಕಿ, ಪಂಕ್ಚರ್ ಸಾಮಾನು. ನಮ್ಮನೆಯವರು ಎದ್ದು ಬಂದು ಟೈರು ಒತ್ತಿ ನೋಡಿದರು. "ಹುಷಾರು," ಎಂದರು, ಅಷ್ಟೇ. ಚಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಶಾಮನೂರು ದಾಟುವ ಹೊತ್ತಿಗೆ ನಾನು ಹಾಡುತ್ತಿದ್ದೆ. ಯಾವ ಹಾಡೋ ನೆನಪಿಲ್ಲ, ಶ್ರುತಿ ಇರಲಿಲ್ಲ ಎಂಬುದು ಮಾತ್ರ ಗೊತ್ತು.

ಗೇಟು ಮುಟ್ಟಿದಾಗ ಏಳೂವರೆ. ಬೀಗ ಇತ್ತು. ಈ ಸಲ ಬ್ರೇಕನ್ನು ಹದವಾಗಿ ಹಿಡಿದೆ. ಸೈಕಲ್ಲನ್ನು ಹೆಗಲಿಗೇರಿಸಿ ಹದಿನಾಲ್ಕು ಮೆಟ್ಟಿಲು ಇಳಿದೆ. ಚಾನಲ್ಲಿನ ತಳ ನಾನು ತಿಳಿದಷ್ಟು ಒಣಗಿರಲಿಲ್ಲ, ಅಲ್ಲಲ್ಲಿ ಪಾದ ಮುಳುಗುವ ಕೆಸರು. ಅರ್ಧ ದಾರಿ ಹೋಗಿದ್ದೆ, ಮೇಲಿನಿಂದ ಕೂಗು.

"ಅಯ್ಯಯ್ಯೋ ಟೀಚರಮ್ಮ! ಅಲ್ಲಿಗ್ಯಾಕ ಇಳಿದ್ರಿ! ಮ್ಯಾಲೆ ಬರ್ರಿ ಮೊದ್ಲು!"

"ಗೇಟು ನಿಮ್ದು, ಚಾನಲ್ ನಿಮ್ದಲ್ಲ ಕರಿಬಸಪ್ಪನೋರೆ! ನೀವು ನಿಮ್ಮ ಕೆಲ್ಸ ನೋಡ್ರಿ!"

ಅವರು ಟವೆಲ್ ಸರಿಮಾಡಿಕೊಳ್ಳುತ್ತ ದಂಡೆಯ ಮೇಲೆ ನನ್ನ ಜೊತೆಜೊತೆಗೇ ನಡೆದರು. ಆಮೇಲೆ ನಿಂತು ಫೋನ್ ತೆಗೆದರು. "ಹೂಂ ಸಾಹುಕಾರ್ರೆ... ಹೌದ್ರಿ... ಕೆಳಗೆ ಅದಾರೆ..." ಎಂಬುದಷ್ಟೇ ನನಗೆ ಕೇಳಿಸಿದ್ದು. ನನ್ನ ಮೈಯೆಲ್ಲ ಉರಿಯಿತು. ಆಣೆಗೂ ಮಾಡಲ್ಲ ಅಂದಿದ್ದರಲ್ಲ! ಇಷ್ಟು ದಿನದ ತಾಲೀಮು, ಹಪ್ಪಳ, ಹೆಗಲು, ಎಲ್ಲ ಒಂದು ಫೋನಿಗೆ ನೀರಾಯಿತು ಎನಿಸಿತು. ಸಿಟ್ಟಿಗೆ ಹೆಜ್ಜೆ ಜೋರಾಯಿತು. ಮುಂದಿನ ಮೆಟ್ಟಿಲು ತಲುಪಿ ಹತ್ತತೊಡಗಿದೆ. ಮೇಲಿನ ಮೂರು ಮೆಟ್ಟಿಲು ಕಿತ್ತುಹೋಗಿದ್ದವು. ನಕ್ಷೆಯಲ್ಲಿ ಅದು ಇರಲಿಲ್ಲ.

ಕರಿಬಸಪ್ಪನವರು ಓಡಿಬಂದು ಬಗ್ಗಿದರು. ಕೈಯಲ್ಲಿ ಕೀಲಿ. "ಅಮ್ಮಾ, ನಿಮ್ಮನ್ನೇ ಕೇಳ್ತಾ ಇದೀನಿ. ಹಿಂದಕ್ಕೆ ಬಂದ್ರೆ ಗೇಟು ತೆಗೀತೀನಿ. ತೆಗೀಲೋ, ಬ್ಯಾಡೋ?"

"ಬ್ಯಾಡ. ಕೈ ಕೊಡ್ರಿ."

ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೊದಲು ಸೈಕಲ್ಲನ್ನು, ಆಮೇಲೆ ನನ್ನನ್ನು ಎಳೆದುಕೊಂಡರು. "ಒಂದು ಎಳನೀರು..." ಎಂದರು. ಕುಡಿದರೆ ಸಿಟ್ಟು ಇಳಿಯುತ್ತದೆಂದು ಕುಡಿಯದೆ ಹೊರಟೆ.

ಉಳಿದ ಐವತ್ತು ಕಿಲೋಮೀಟರನ್ನು ಓಡಿಸಿದ್ದು ಕಾಲುಗಳಲ್ಲ, ಗಂಡನ ಮೇಲಿನ ಕೋಪ. ಏನೇನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂದು ಜೋಡಿಸಿಕೊಳ್ಳುತ್ತ ತೋಟದ ಮೇಲೆ ತೋಟ ದಾಟಿದೆ. ಆ ಭರದಲ್ಲಿ ಊರ ಹಿಂಭಾಗದ ಉಪಕಾಲುವೆ ಹಿಡಿಯುವುದನ್ನೇ ಮರೆತು ನೆಟ್ಟಗೆ ಭಾನುವಳ್ಳಿಯೊಳಗೆ ನುಗ್ಗಿದೆ. ಗಿರಿಜಕ್ಕ ಅಂಗಳದಲ್ಲೇ ಇದ್ದಳು. "ಏ ನಿಂತ್ಕೊಳ್ಳೇ! ಒಳಗ್ ಬಾ!" ಎಂದಳು. "ಇವತ್ತು ಆಗಲ್ಲ ಗಿರಿಜಕ್ಕಾ, ನಿಮ್ಮಣ್ಣನ ಹತ್ರ ಜಗಳ ಐತೆ!" ಎಂದು ಕೂಗಿಯೇ ಹೋದೆ. ಹರಿಹರದಲ್ಲಿ ಸೇತುವೆಯ ಹತ್ತಿರ ಹೊಳೆ ನೋಡುತ್ತ ಮಂಡಕ್ಕಿ ತಿಂದೆ. ವಾಪಸ್ ದಾರಿಯಲ್ಲಿ ಮೂಡಗಾಳಿ ಲೆಕ್ಕ ಹಾಕಿದ್ದಕ್ಕಿಂತ ಕೆಟ್ಟದಾಗಿತ್ತು. ಎರಡು ಕಡೆ ಇಳಿದು ತಳ್ಳಿದೆ. ಒಂದು ಕಡೆ ಹುಣಸೆಮರದ ಕೆಳಗೆ ಕೂತು, ಫೋನ್ ಕೈಯಲ್ಲಿ ಹಿಡಿದುಕೊಂಡು, ಕಾರು ತರಿಸಿಬಿಡಲೇ ಎಂದು ಯೋಚಿಸಿದ್ದೂ ಉಂಟು. ಆದರೆ ಯಾರಿಗೆ ಫೋನ್ ಮಾಡಬೇಕಿತ್ತೋ ಅವರ ಮೇಲೇ ಸಿಟ್ಟಿದ್ದುದರಿಂದ ಮತ್ತೆ ಹತ್ತಿದೆ.

ಆನೆಕೊಂಡದ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ನಮ್ಮನೆಯವರು ಅಂಗಡಿಗೆ ಹೋಗಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದರು. ಸೈಕಲ್ಲಿನಿಂದ ಇಳಿಯುವ ಮೊದಲೇ ಶುರುಮಾಡಿದೆ.

"ಆಣೆಗೂ ಮಾಡಲ್ಲ ಅಂದಿದ್ರಿ!"

"ಮಾಡಿಲ್ಲ."

"ಕರಿಬಸಪ್ಪನೋರು ಮಾತಾಡಿದ್ದು ಮತ್ಯಾರ ಹತ್ರ?"

"ನನ್ ಹತ್ರಾನೇ. ಅವನೇ ಮಾಡಿದ್ದ. 'ಟೀಚರಮ್ಮ ಚಾನಲ್ ಒಳಗೆ ಇಳಿದಾರೆ ಸಾಹುಕಾರ್ರೆ, ಏನ್ ಮಾಡ್ಲಿ, ಗೇಟು ತೆಗೆದು ಬಿಡ್ಲಾ?' ಅಂತ ಕೇಳಿದ."

"ನೀವೇನಂದ್ರಿ?"

ಅವರು ಎದ್ದು ನಿಂತು ಪಂಚೆಯ ಧೂಳು ಕೊಡವಿಕೊಂಡರು. "ನನ್ನ್ ಯಾಕೆ ಕೇಳ್ತೀಯಪ್ಪ, ಅಲ್ಲೇ ಅದಾಳಲ್ಲ, ಅವಳನ್ನೇ ಕೇಳು ಅಂದೆ."

ಗೇಟಿನಿಂದ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. ಹ್ಯಾಂಡಲ್ಲನ್ನು ಅವರ ಕೈಗೆ ಕೊಟ್ಟೆ. ಅವರು ಅಭ್ಯಾಸದಂತೆ ಗೋದಾಮಿನ ಕಡೆಗೆ ತಿರುಗಿಸಿದರು.

"ಅಲ್ಲಲ್ಲ, ಪಡಸಾಲೆಗೆ," ಎಂದೆ. "ಮೊದಲು ಆ ಕೆಸರು ಒರೆಸ್ರಿ."

ಒರೆಸಿದರು.